ಎಡ ಹೆಗಲಿನ ಅರ್ಧ ಇಂಚು

"ಇದ್ಯಾಕೋ ಎಡಗಡೆ ಎದ್ದ ಹಾಗಿದೆ ಅಲ್ವಾ, ಟೈಲರಕ್ಕ?" ಎಂದು ಲೈಬ್ರರಿ ಮೇಡಂ ಕನ್ನಡಿಯನ್ನೇ ನೋಡುತ್ತಾ ಕೇಳಿದಾಗ ಟೈಲರಕ್ಕನ ತುಟಿಗಳ ನಡುವೆ ನಾಲ್ಕು ಗುಂಡುಪಿನ್ನುಗಳಿದ್ದವು. ಹಾಗಿದ್ದದ್ದು ಒಳ್ಳೆಯದೇ ಆಯಿತು. ಬಾಯಲ್ಲಿ ಪಿನ್ನು ಕಚ್ಚಿಕೊಂಡವರು ಕೇಳಿದ್ದಕ್ಕೆಲ್ಲ ಆ ಕ್ಷಣವೇ ಉತ್ತರ ಕೊಡಬೇಕಾಗಿಲ್ಲ. ಅವಳು ಪಿನ್ನುಗಳನ್ನು ಒಂದೊಂದಾಗಿ ತೆಗೆದು ಮುಂಗೈಗೆ ಕಟ್ಟಿಕೊಂಡಿದ್ದ ಪಿನ್ನಿನ ಮೆತ್ತೆಗೆ ಚುಚ್ಚಿದಳು. ಆಮೇಲೆ ತಲೆಯೆತ್ತಿ ನೋಡಿದಳು.

ಕೋಟು ಅವಳೇ ಹೋದ ಚಳಿಗಾಲದಲ್ಲಿ ಹೊಲಿದದ್ದು. ಬೂದು ಬಣ್ಣದ ಉಣ್ಣೆ ಬಟ್ಟೆ, ಕಪ್ಪು ಗುಂಡಿ. ಎಡ ಹೆಗಲು ನಿಜವಾಗಿಯೂ ಎದ್ದಿತ್ತು. ಒಬ್ಬರು ಒಂದೇ ಹೆಗಲನ್ನು ಕುಣಿಸಿ 'ನನಗೇನು ಗೊತ್ತು' ಎಂದರೆ ಹೇಗೆ ಕಾಣುತ್ತದೋ ಹಾಗೆ ಕಾಣುತ್ತಿತ್ತು.

"ಒಂದು ನಿಮಿಷ ಬಿಚ್ಚಿ," ಎಂದು ಕೋಟು ಇಸಿದುಕೊಂಡು, ಕೊರಳಲ್ಲಿದ್ದ ಟೇಪನ್ನು ಎಳೆದು, ಅಂಗಿಯ ಮೇಲಿಂದ ಎಡ ಹೆಗಲ ತುದಿಗೆ ಹಿಡಿದು ನೆಲದವರೆಗೆ ಬಿಟ್ಟಳು. ಆಮೇಲೆ ಬಲಗಡೆ. ಮತ್ತೆ ಎಡಗಡೆ. ಎರಡೂ ಒಂದೇ. ಒಂದು ನೂಲಿನಷ್ಟೂ ವ್ಯತ್ಯಾಸವಿಲ್ಲ.

ಹದಿನಾರು ವರ್ಷಗಳಿಂದ ಲೈಬ್ರರಿ ಮೇಡಂನ ಎಡ ಹೆಗಲು ಬಲಕ್ಕಿಂತ ಅರ್ಧ ಇಂಚು ಕೆಳಗಿತ್ತು. ಆ ಅರ್ಧ ಇಂಚು ಪ್ರಪಂಚದಲ್ಲಿ ಟೈಲರಕ್ಕನೊಬ್ಬಳಿಗೇ ಗೊತ್ತಿತ್ತು. ಮೇಡಂಗೂ ಗೊತ್ತಿರಲಿಲ್ಲ. ಅವರಿಗೆ ಹೊಲಿದ ಪ್ರತಿಯೊಂದು ಕೋಟಿನ ಎಡ ಹೆಗಲಿನೊಳಗೆ, ಮೇಲ್ಬಟ್ಟೆಗೂ ಒಳಬಟ್ಟೆಗೂ ಮಧ್ಯೆ, ಎರಡು ಪದರ ಹತ್ತಿಯಿಟ್ಟು ಹೊಲಿಯುತ್ತಿದ್ದಳು. ಹೇಳಿಕೊಳ್ಳುತ್ತಿರಲಿಲ್ಲ. ಬೀದಿಯ ಅರ್ಧ ಜನರ ಸೊಟ್ಟ ಅವಳ ಬೆರಳ ತುದಿಯಲ್ಲಿತ್ತು. ಅಂಚೆಯವನ ಒಂದು ಕಾಲು ಗಿಡ್ಡ, ಬೇಕರಿಯವನ ಬೆನ್ನು ಗೂನು, ದಪ್ಪ ಮೀಸೆಯ ವಕೀಲನ ಸೊಂಟ ಒಂದು ಕಡೆಗೆ ವಾಲಿದ್ದು. ಎಲ್ಲರನ್ನೂ ಅವಳು ಬಟ್ಟೆಯಲ್ಲಿ ನೇರ ಮಾಡಿ ಕಳಿಸುತ್ತಿದ್ದಳು. ಅವರು ಕನ್ನಡಿ ನೋಡಿಕೊಂಡು, ತಾವು ಹುಟ್ಟಿದ್ದೇ ಹೀಗೆ ಎಂಬಂತೆ ಎದೆಯುಬ್ಬಿಸಿ ಹೋಗುತ್ತಿದ್ದರು. ಟೈಲರಕ್ಕನಿಗೆ ಅದಕ್ಕಿಂತ ದೊಡ್ಡ ಸುಖ ಬೇರೆ ಇರಲಿಲ್ಲ.

"ಒಗೆಯೋಕೆ ಕೊಟ್ಟಿದ್ರಾ?" ಎಂದಳು. "ಒಳಬಟ್ಟೆ ಎಳ್ಕೊಂಡಿರತ್ತೆ."

"ಇರಬಹುದು. ಹಳೇದು ಹೋಗ್ಲಿ ಬಿಡಿ. ನನಗೊಂದು ಹೊಸ ಕೋಟು ಹೊಲಿದುಕೊಡಿ. ನಿಮ್ಮ ತಂಗಿ ಪರೀಕ್ಷೆ ದಿನ ಹಾಕ್ಕೊಳ್ಳೋಣ ಅಂತ. ನಾನೇ ಅಲ್ವಾ ಅವಳ ಕೈಗೆ ಸಿಕ್ಕಿರೋ ಪಾಪದ ಪ್ರಾಣಿ." ಮೇಡಂ ನಕ್ಕರು. ಆಮೇಲೆ ದನಿ ತಗ್ಗಿಸಿ, ಯಾರದೋ ಗುಟ್ಟು ಹೇಳುವವರಂತೆ, "ಅವಳ ಕೈಯಲ್ಲಿ ಅದೇನಿದೆಯೋ ಕಾಣೆ. ಎರಡು ತಿಂಗಳಿಂದ ಕತ್ತು ನೋವು ಅನ್ನೋದೇ ಇಲ್ಲ. ನೀವು ಅದೃಷ್ಟವಂತರು, ಮನೇಲೇ ಇದಾಳೆ," ಎಂದರು.

ಟೈಲರಕ್ಕ ಮುಗುಳ್ನಕ್ಕಳು. ಹೊಟ್ಟೆಯೊಳಗೆ ಯಾರೋ ಇಸ್ತ್ರಿಪೆಟ್ಟಿಗೆ ಇಟ್ಟ ಹಾಗಾಯಿತು.

ತಂಗಿ ಅವಳಿಗಿಂತ ಹನ್ನೊಂದು ವರ್ಷ ಚಿಕ್ಕವಳು. ಅಪ್ಪ ಅಮ್ಮ ಹೋದ ಮೇಲೆ ಅಂಗಡಿಯೂ ಅಂಗಡಿಯ ಹಿಂದಿನ ಎರಡು ಕೋಣೆಗಳೂ ಇವರಿಬ್ಬರವೇ. ಅಕ್ಕ ಹೊಲಿಯುತ್ತಿದ್ದಳು, ತಂಗಿ ಗುಂಡಿ ಹಾಕಿ, ಇಸ್ತ್ರಿ ಮಾಡಿ, ಗಿರಾಕಿಗಳನ್ನು ನಗಿಸುತ್ತಿದ್ದಳು. ಆರು ವರ್ಷದ ಹಿಂದೆ ಮೇಲಿನ ಹಲಗೆಯಿಂದ ಒಳಬಟ್ಟೆಯ ಸುರುಳಿ ಇಳಿಸಲು ಏಣಿ ಹತ್ತಿದವಳು ಸುರುಳಿಯ ಸಮೇತ ಕೆಳಗೆ ಬಿದ್ದಳು. ಸೊಂಟದ ಮೂಳೆ ಮುರಿಯಿತು, ಬೆನ್ನುಹುರಿಯ ಹತ್ತಿರ ಎಲ್ಲೋ ಏಟಾಯಿತು. ಐದು ತಿಂಗಳು ಹಾಸಿಗೆ. ಆಮೇಲೆ ಕೋಲು. ಕೋಲು ಹಿಡಿದು ನಿಂತಾಗ ಮೈಯೆಲ್ಲ ಬಲಕ್ಕೆ ವಾಲಿ, ಗಾಳಿಗೆ ಸಿಕ್ಕಿದ ಬಾಗಿಲಿನ ಹಾಗೆ ಕಾಣುತ್ತಿದ್ದಳು.

ಆ ಎರಡು ವರ್ಷ ಅವಳನ್ನು ಎತ್ತಿದ್ದು ಯಾರು? ಮೈ ಒರೆಸಿದ್ದು, ತಲೆ ಬಾಚಿದ್ದು, ಬಚ್ಚಲಿಗೆ ಒಯ್ದು ತಂದದ್ದು, ಅತ್ತಾಗ ಪಕ್ಕದಲ್ಲಿ ಕೂತದ್ದು ಯಾರು? ಟೈಲರಕ್ಕ ಇದನ್ನು ಯಾರನ್ನೂ ಕೇಳಿರಲಿಲ್ಲ. ಆದರೆ ದಿನಕ್ಕೆ ನಾಲ್ಕು ಸಲ ತನ್ನನ್ನೇ ತಾನು ಕೇಳಿಕೊಳ್ಳುತ್ತಿದ್ದಳು. ತಂಗಿಯ ಬಟ್ಟೆಗಳಿಗೂ ಅವಳು ಬಲ ಹೆಗಲಲ್ಲಿ ಹತ್ತಿಯಿಟ್ಟು, ಅಂಚನ್ನು ಒಂದು ಕಡೆ ಉದ್ದ ಬಿಟ್ಟು ಹೊಲಿದಿದ್ದಳು. ಬೀದಿಯವರು 'ಪರವಾಗಿಲ್ಲ, ಹುಡುಗಿ ಸುಧಾರಿಸಿಕೊಂಡಳು' ಎಂದದ್ದು ಆ ಹೊಲಿಗೆಯ ದಯದಿಂದಲೇ.

ಆಮೇಲೆ ಬಂದರು ಮೇಷ್ಟ್ರು. ಹಳೇ ಪ್ರೆಸ್ಸಿನ ಮಹಡಿಯಲ್ಲಿ ಒಂದು ದೊಡ್ಡ ಕೋಣೆ, ಅದರಲ್ಲಿ ಆರು ಕುರ್ಚಿ, ನಾಲ್ಕು ಚಾಪೆ. ಎಂಥದೋ ಅಪಘಾತದಲ್ಲಿ ತಾವೇ ಮೂರು ವರ್ಷ ಮಲಗಿದ್ದು ಎದ್ದ ಕುಳ್ಳ ಮನುಷ್ಯ. ಜನರಿಗೆ ಕೂರುವುದು, ಏಳುವುದು, ನಿಲ್ಲುವುದು, ನಡೆಯುವುದು ಹೇಗೆಂದು ಕಲಿಸುತ್ತಿದ್ದರು. ಬೀದಿಯವರು ಅದಕ್ಕೆ 'ಕೂರೋ ಕ್ಲಾಸು' ಎಂದು ಹೆಸರಿಟ್ಟಿದ್ದರು. ತಂಗಿ ಹೋದ ಮೊದಲ ತಿಂಗಳು ಅವರು ಅವಳನ್ನು ಚಾಪೆಯ ಮೇಲೆ ಮಲಗಿಸಿ, ಮೊಣಕಾಲು ಮಡಿಸಲು ಹೇಳಿ, ತಲೆಯ ಕೆಳಗೆ ಎರಡು ಪುಸ್ತಕ ಇಟ್ಟು ಸುಮ್ಮನೆ ಬಿಟ್ಟಿದ್ದರಂತೆ. "ಮಲಗೋದನ್ನೂ ಕಲಿಬೇಕಾ? ಐದು ತಿಂಗಳು ಇಲ್ಲೇ ಕಲಿತಿದ್ಯಲ್ಲೇ," ಎಂದು ಟೈಲರಕ್ಕ ಮೂಗು ಮುರಿದಿದ್ದಳು.

ಒಂಬತ್ತು ತಿಂಗಳಿಗೆ ತಂಗಿ ಕೋಲು ಬಿಟ್ಟಳು. ಒಂದು ವರ್ಷಕ್ಕೆ ನೇರವಾಗಿ ನಿಂತಳು. ನಿಂತ ದಿನ ಸಂತೋಷದಿಂದ ಕುಣಿಯಬೇಕಾಗಿದ್ದ ಅಕ್ಕ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತಳು. ಸಂತೋಷಕ್ಕೇ ಅತ್ತೆ ಎಂದು ಆಮೇಲೆ ಹೇಳಿದಳು. ತಂಗಿ ನಂಬಿದಳು. ತಾನು ಎರಡು ವರ್ಷ ರಟ್ಟೆ ಬಿದ್ದುಹೋಗುವಷ್ಟು ಎತ್ತಿದವಳನ್ನು ಯಾವನೋ ಒಬ್ಬ ಎರಡು ಬೆರಳಲ್ಲಿ ನಿಲ್ಲಿಸಿಬಿಟ್ಟನಲ್ಲ ಎಂಬ ಸಂಕಟಕ್ಕೆ ಸಂತೋಷ ಎನ್ನುವ ಹೆಸರು ಎಲ್ಲಿಂದ ಬರಬೇಕು?

ತಂಗಿ ಅಷ್ಟಕ್ಕೇ ಬಿಡಲಿಲ್ಲ. ತಾನೂ ಕಲಿಸುವವಳಾಗುತ್ತೇನೆ ಎಂದು ಮೇಷ್ಟ್ರ ಹಿಂದೆ ಬಿದ್ದು ಮೂರು ವರ್ಷ ಕಲಿತಳು. ಈಗ ಕೊನೆಯ ಪರೀಕ್ಷೆ. ಆ ಕಲಿಕೆಯ ಕ್ರಮ ಹೀಗಿತ್ತು: ಹಿಂದೆಂದೂ ಪಾಠ ಹೇಳಿಸಿಕೊಳ್ಳದ ಒಬ್ಬರನ್ನು ಹಿಡಿದು, ವಾರಕ್ಕೊಂದರಂತೆ ಹನ್ನೆರಡು ಪಾಠ ಮಾಡಬೇಕು. ಹದಿಮೂರನೆಯ ಪಾಠಕ್ಕೆ ಮೇಷ್ಟ್ರು ಬಂದು ಮೂಲೆಯಲ್ಲಿ ಕೂತು ನೋಡುತ್ತಾರೆ. ಮೇಷ್ಟ್ರಿಗೆ ವಯಸ್ಸಾಗಿತ್ತು, ಮಗಳ ಊರಿಗೆ ಹೊರಟಿದ್ದರು. ತಂಗಿ ಪಾಸಾದರೆ ಪ್ರೆಸ್ಸಿನ ಮಹಡಿಯ ಕೋಣೆ, ಕುರ್ಚಿ, ಚಾಪೆ, ಇಪ್ಪತ್ತು ಜನ ವಿದ್ಯಾರ್ಥಿಗಳು ಎಲ್ಲ ಅವಳಿಗೆ. ಇಲ್ಲದಿದ್ದರೆ ಅವರ ಇನ್ನೊಬ್ಬ ಶಿಷ್ಯನಿಗೆ, ಒಬ್ಬ ಈಜು ಕಲಿಸುವವನಿಗೆ.

ಅಲ್ಲಿಯವರೆಗೆ ತಂಗಿಯ ಪಾಠ ನಡೆಯುತ್ತಿದ್ದುದು ಅಂಗಡಿಯ ಹಿಂದಿನ ಕೋಣೆಯಲ್ಲಿ. ಬಟ್ಟೆ ಹಾಕಿ ನೋಡುವ ಕೋಣೆ ಅದು. ಆಳೆತ್ತರದ ಕನ್ನಡಿ, ಒಂದು ಕುರ್ಚಿ, ಕೋಟು ತೂಗುಹಾಕುವ ಮೊಳೆ. ಹೊಲಿಗೆ ಮಿಷನ್ನಿಗೂ ಅದಕ್ಕೂ ಮಧ್ಯೆ ಒಂದು ಪರದೆ ಮಾತ್ರ. ಪರದೆಯ ಆಚೆಯಿಂದ ತಂಗಿಯ ದನಿ ಪಾಠದ ದಿನವೆಲ್ಲ ಕೇಳುತ್ತಿತ್ತು. ಅದೊಂದು ಬೇರೆಯೇ ದನಿ. ಮನೆಯಲ್ಲಿ ಅಕ್ಕನ ಜೊತೆ ಮಾತಾಡುವಾಗ ಇಲ್ಲದ, ಅವಸರವಿಲ್ಲದ, ಹತ್ತಿರದ ದನಿ. ಅದನ್ನು ಕೇಳಿದಾಗೆಲ್ಲ ಟೈಲರಕ್ಕ ಮಿಷನ್ನನ್ನು ಇನ್ನಷ್ಟು ಜೋರಾಗಿ ತುಳಿಯುತ್ತಿದ್ದಳು.

ಹೊಸ ಕೋಟಿಗೆ ಕಡುನೀಲಿ ಬಟ್ಟೆ ಬಂತು. ಟೈಲರಕ್ಕ ಕತ್ತರಿಸಿದಳು, ಕಚ್ಚಾ ಹೊಲಿಗೆ ಹಾಕಿದಳು, ಕಾಲರು ಕೂರಿಸಿದಳು. ಎಡ ಹೆಗಲಿಗೆ ಬಂದಾಗ ಕೈ ನಿಂತಿತು. ಮಧ್ಯಾಹ್ನದ ಹೊತ್ತು. ಪರದೆಯ ಆಚೆ ತಂಗಿಯೂ ಮೇಡಮ್ಮೂ ಏನಕ್ಕೋ ನಗುತ್ತಿದ್ದರು. ನಗು ನಿಂತಿತು ಅನ್ನುವಷ್ಟರಲ್ಲಿ ಮತ್ತೆ ಶುರುವಾಯಿತು. ಟೈಲರಕ್ಕ ಡಬ್ಬಿ ತೆರೆದು ಹತ್ತಿ ತೆಗೆದಳು, ಎರಡು ಪದರ ಮಾಡಿದಳು, ಎಡ ಹೆಗಲೊಳಗೆ ಇಟ್ಟು ಹೊಲಿದಳು. ಅಳತೆ ಪುಸ್ತಕದಲ್ಲಿ ಹಾಗೇ ಇದೆಯಲ್ಲ, ಪುಸ್ತಕದಲ್ಲಿ ಇದ್ದ ಹಾಗೆ ಹೊಲಿಯುವುದು ತಪ್ಪೇ ಎಂದು ತನಗೇ ಸಮಜಾಯಿಷಿ ಕೊಟ್ಟುಕೊಂಡಳು. ಹೊಲಿಗೆ ಮಾತ್ರ ಅಷ್ಟು ಚೆನ್ನಾಗಿ ಯಾವತ್ತೂ ಬಂದಿರಲಿಲ್ಲ.

ಮೇಡಂ ಬಂದು ಕೋಟು ಹಾಕಿಕೊಂಡರು. ಕನ್ನಡಿಯಲ್ಲಿ ನೋಡಿ ಹುಬ್ಬು ಗಂಟಿಕ್ಕಿದರು. ಮೊನ್ನೆಯಷ್ಟೇ ಒಂದು ದೂರು ಹೇಳಿಯಾಗಿದೆ, ಮತ್ತೊಂದು ಹೇಳಿದರೆ ಟೈಲರಕ್ಕ ಬೇಜಾರು ಮಾಡಿಕೊಳ್ಳುತ್ತಾಳೆ ಎಂದುಕೊಂಡರೋ ಏನೋ, ಬಾಯಿ ಬಿಡಲಿಲ್ಲ. ಆ ಕಡೆ ತಿರುಗಿದರು, ಈ ಕಡೆ ತಿರುಗಿದರು. ಮತ್ತೆ ಎದುರಿಗೆ ನಿಂತಾಗ ಅವರ ಎಡ ಹೆಗಲು ಮೆಲ್ಲನೆ, ಅವರಿಗೇ ತಿಳಿಯದ ಹಾಗೆ, ಕೆಳಗಿಳಿಯಿತು. ಅರ್ಧ ಇಂಚು.

"ಹಾಂ, ಈಗ ಸರಿಯಾಯ್ತು," ಎಂದರು ಮೇಡಂ. "ಎಷ್ಟು ಚೆನ್ನಾಗಿದೆ."

ಮೈಗೆ ತಕ್ಕ ಬಟ್ಟೆ ಹೊಲಿಯುತ್ತಾ ಮೂವತ್ತು ವರ್ಷ ಕಳೆದಿದ್ದವಳು ಬಟ್ಟೆಗೆ ತಕ್ಕಂತೆ ಮೈ ಬಗ್ಗುವುದನ್ನು ಅಂದೇ ಮೊದಲ ಸಲ ಕಂಡಿದ್ದು. ಮೊದಲು ಹೆದರಿಕೆಯಾಯಿತು. ಆಮೇಲೆ, ಮೇಡಂ ಮೆಟ್ಟಿಲಿಳಿದು ಬೀದಿಯಲ್ಲಿ ನಡೆದುಹೋಗುವುದನ್ನು ನೋಡುತ್ತಾ ನಿಂತಾಗ, ಹಾಲು ಕುಡಿದಷ್ಟು ಹಾಯೆನಿಸಿತು.

ಎರಡು ವಾರ ಕಳೆಯಿತು. ಮೇಡಂ ಆ ಕೋಟನ್ನು ದಿನವೂ ಹಾಕಿಕೊಂಡು ಓಡಾಡಿದರು. ಪಾಠಕ್ಕೆ ಬಂದಾಗ ಬಿಚ್ಚಿ ಮೊಳೆಗೆ ತೂಗುಹಾಕುತ್ತಿದ್ದುದರಿಂದ ತಂಗಿಯ ಕೈಗೆ ಅದು ಸಿಗಲಿಲ್ಲ. ಹನ್ನೆರಡನೆಯ ಪಾಠವಾದ ದಿನ ತಂಗಿ ಊಟಕ್ಕೆ ಕೂತು ತಟ್ಟೆಯನ್ನೇ ನೋಡುತ್ತಿದ್ದಳು.

"ಮೇಡಂ ಎಡ ಹೆಗಲು ಮತ್ತೆ ಇಳಿತಿದೆ ಅಕ್ಕ. ಪಾಠ ಮುಗಿಯೋ ಹೊತ್ತಿಗೆ ಸರಿಹೋಗತ್ತೆ. ಮುಂದಿನ ವಾರ ಬಂದ್ರೆ ಮತ್ತೆ ಅಷ್ಟೇ. ಎಲ್ಲಿ ತಪ್ಪು ಮಾಡ್ತಿದೀನೋ ಗೊತ್ತಾಗ್ತಿಲ್ಲ."

"ಎಲ್ಲರ ಮೈಯೂ ನಿನ್ನ ಮೈ ಆಗತ್ತೇನೆ? ಬರದೇ ಇರೋರಿಗೆ ಬರಲ್ಲ. ತಿನ್ನು ಮೊದಲು," ಎಂದು ಟೈಲರಕ್ಕ ಅವಳ ತಟ್ಟೆಗೆ ಇನ್ನೊಂದಿಷ್ಟು ಬಡಿಸಿದಳು. ತಂಗಿ ಕಣ್ಣೊರೆಸಿಕೊಂಡಾಗ ಅವಳ ತಲೆ ಸವರಿದಳು. ಎಷ್ಟೋ ವರ್ಷಗಳ ಮೇಲೆ ತಂಗಿ ತಲೆ ಸವರಿಸಿಕೊಂಡು ಸುಮ್ಮನೆ ಕೂತಿದ್ದಳು. ಹಾಸಿಗೆ ಹಿಡಿದಿದ್ದ ಕಾಲ ಮರಳಿ ಬಂದ ಹಾಗಿತ್ತು. ಟೈಲರಕ್ಕ ಆ ದಿನ ತಾನೂ ಒಂದು ತುತ್ತು ಹೆಚ್ಚೇ ಉಂಡಳು.

ಪರೀಕ್ಷೆಯ ದಿನ ಮೇಷ್ಟ್ರು ಹತ್ತು ಗಂಟೆಗೇ ಬಂದರು. ಚಪ್ಪಲಿ ಹೊರಗೆ ಬಿಟ್ಟು, ಟೈಲರಕ್ಕನಿಗೆ ತಲೆಬಾಗಿ, ಹಿಂದಿನ ಕೋಣೆಯ ಮೂಲೆಯಲ್ಲಿ ಒಂದು ಸ್ಟೂಲಿನ ಮೇಲೆ ಕೂತರು. ಆ ಮನುಷ್ಯ ಕೂತದ್ದೂ ಕಾಣಲಿಲ್ಲ, ಅಷ್ಟು ಸದ್ದಿಲ್ಲದೆ ಕೂತರು. ಟೈಲರಕ್ಕನಿಗೆ ಅದಕ್ಕೂ ಮೈ ಉರಿಯಿತು. ಪರದೆಯನ್ನು ಒಂದು ಗೇಣು ಸರಿಸಿಟ್ಟು ಮಿಷನ್ನಿಗೆ ಕೂತಳು. ಅಲ್ಲಿಂದ ಕನ್ನಡಿ ಕಾಣುತ್ತಿತ್ತು, ಕನ್ನಡಿಯಲ್ಲಿ ಮೂವರೂ ಕಾಣುತ್ತಿದ್ದರು.

ಮೇಡಂ ಎಂದಿನಂತೆ ಕೋಟಿನ ಗುಂಡಿಗೆ ಕೈ ಹಾಕಿದಾಗ ಮೇಷ್ಟ್ರು, "ಇರಲಿ, ಬಿಚ್ಚಬೇಡಿ," ಎಂದರು. "ನೀವು ಲೈಬ್ರರಿಯಲ್ಲಿ ಕೋಟು ಹಾಕ್ಕೊಂಡೇ ಅಲ್ವಾ ಇರೋದು? ಶೂನೂ ಇರಲಿ. ಹೇಗೆ ಬದುಕ್ತೀರೋ ಹಾಗೇ ಪಾಠ."

ಟೈಲರಕ್ಕನ ಕಾಲು ಮಿಷನ್ನಿನ ಮೇಲೆ ನಿಂತುಹೋಯಿತು.

ತಂಗಿ ಮೇಡಂ ಹಿಂದೆ ನಿಂತು ಕತ್ತಿನ ಹಿಂಬದಿಗೆ ಬೆರಳು ತಾಗಿಸಿದಳು. "ಏನೂ ಮಾಡಬೇಡಿ. ಕೂರಬೇಕು ಅಂತಾನೂ ಅಂದ್ಕೋಬೇಡಿ." ಮೇಡಂ ಕೂತರು, ಎದ್ದರು, ಕೂತರು. ಮೂರನೆಯ ಸಲ ಎದ್ದಾಗ ಅವರ ಬೆನ್ನು ಸಲೀಸಾಗಿ ಉದ್ದವಾಯಿತು, ಎಡ ಹೆಗಲು ಮೇಲೆ ಬಂತು, ಕೂಡಲೇ ಕೋಟು ಸೊಟ್ಟವಾಯಿತು. ಮೇಡಂ ಕನ್ನಡಿ ನೋಡಿಕೊಂಡರು. ಹೆಗಲು ಇಳಿಯಿತು. ತಂಗಿ ಮತ್ತೆ ಶುರು ಮಾಡಿದಳು. ಮತ್ತೆ ಹೆಗಲು ಬಂತು, ಮತ್ತೆ ಕನ್ನಡಿ, ಮತ್ತೆ ಇಳಿಯಿತು. ಅವಳು ಚೆನ್ನಾಗಿ ಕಲಿಸಿದಷ್ಟೂ ಮೇಡಂ ಸೊಟ್ಟಗೆ ಕಾಣುತ್ತಿದ್ದರು.

ನಾಲ್ಕನೆಯ ಸಲ ತಂಗಿ ಕತ್ತಿನಿಂದ ಕೈ ತೆಗೆದು ಎಡ ಹೆಗಲ ಮೇಲಿಟ್ಟಳು. ಇಟ್ಟ ಕೈ ಅಲ್ಲೇ ನಿಂತಿತು. ಬೆರಳುಗಳು ಬಟ್ಟೆಯ ಮೇಲಿಂದಲೇ ಹತ್ತಿಯ ಅಂಚನ್ನು ಹುಡುಕಿಕೊಂಡು ಹೋದವು. ಟೈಲರಕ್ಕ ಅದನ್ನು ಕನ್ನಡಿಯಲ್ಲಿ ನೋಡಿದಳು. ತಂಗಿ ತಲೆಯೆತ್ತಿದಳು. ಕನ್ನಡಿಯಲ್ಲೇ ಇಬ್ಬರ ಕಣ್ಣೂ ಕೂಡಿದವು.

"ಹೆಗಲು ಬರತ್ತೆ, ಹೋಗತ್ತೆ," ಎಂದರು ಮೇಷ್ಟ್ರು ಮೂಲೆಯಿಂದ. "ಯಾಕೆ?"

ತಂಗಿಯ ಕೈ ಇನ್ನೂ ಹತ್ತಿಯ ಮೇಲೇ ಇತ್ತು. "ಗೊತ್ತಾಗ್ತಿಲ್ಲ ಸರ್," ಎಂದಳು.

ಆ ಎರಡು ಮಾತು ಟೈಲರಕ್ಕನಿಗೆ ಬರೆ ಎಳೆದಂತಾಯಿತು. ಅವಳು ಏನೇನೋ ಊಹಿಸಿಕೊಂಡಿದ್ದಳು. ತಂಗಿ ಕೂಗಾಡಬಹುದು, ಅಳಬಹುದು, ಕೋಟು ಬಿಚ್ಚಿಸಿ ಎಲ್ಲರೆದುರು ತೋರಿಸಬಹುದು. ಅದೆಲ್ಲಕ್ಕೂ ಉತ್ತರ ಸಿದ್ಧವಿತ್ತು, ಅಳತೆ ಪುಸ್ತಕ ಮೇಜಿನ ಮೇಲೇ ಇತ್ತು. ತನ್ನನ್ನು ಕಾಪಾಡಲು ತಂಗಿ ಪ್ರೆಸ್ಸಿನ ಕೋಣೆಯನ್ನೇ ಬಿಟ್ಟುಕೊಡುತ್ತಾಳೆ ಎಂದು ಮಾತ್ರ ಅಂದುಕೊಂಡಿರಲಿಲ್ಲ. ಎತ್ತಿದವಳು ತಾನು. ಹೊತ್ತವಳು ತಾನು. ದೊಡ್ಡವಳು ತಾನು. ಈಗ ಇವಳು ತನಗಿಂತ ದೊಡ್ಡವಳಾಗುವುದೇ? ನಿಜ ಹೇಳಬೇಕೆಂದರೆ ಟೈಲರಕ್ಕನನ್ನು ಎಬ್ಬಿಸಿದ್ದು ಪಶ್ಚಾತ್ತಾಪವಲ್ಲ, ಅದೇ ಹಳೆಯ ಹೊಟ್ಟೆಕಿಚ್ಚು. ತಂಗಿಯ ಒಳ್ಳೆಯತನವನ್ನೂ ಅವಳಿಗೆ ಸಹಿಸಲಾಗಲಿಲ್ಲ. ಪರದೆ ಸರಿಸಿ ಒಳಗೆ ನುಗ್ಗಿದಳು.

"ಕೋಟಿನೊಳಗೆ ಹತ್ತಿ ಇದೆ," ಎಂದಳು. "ನಾನೇ ಇಟ್ಟಿದ್ದು."

ಮೇಡಂ ಅವಳನ್ನೂ ಹೆಗಲನ್ನೂ ನೋಡಿದರು. "ಹತ್ತಿಯಾ? ಯಾಕೆ?"

"ನಿಮ್ಮ ಎಡ ಹೆಗಲು ಅರ್ಧ ಇಂಚು ಕೆಳಗಿತ್ತು ಮೇಡಂ. ಶುರುವಿನಿಂದಾನೂ. ಕಾಣಬಾರದು ಅಂತ ಪ್ರತಿ ಕೋಟಿಗೂ ಇಡ್ತಿದ್ದೆ."

"ಈಗ ಸರಿಹೋಗಿದ್ದು ನಿಮಗೆ ಗೊತ್ತಿತ್ತಾ?" ಎಂದು ಕೇಳಿದವರು ಮೇಷ್ಟ್ರು. ದನಿಯಲ್ಲಿ ಕೋಪವಿರಲಿಲ್ಲ.

"ಟೇಪು ಹಿಡಿದು ನೋಡಿದ್ದೆ," ಎಂದಳು ಟೈಲರಕ್ಕ.

ಮೇಡಂ ಮೆಲ್ಲನೆ ಗುಂಡಿ ಬಿಚ್ಚಿ ಕೋಟನ್ನು ಕುರ್ಚಿಯ ಬೆನ್ನಿಗೆ ಹಾಕಿದರು. "ಹದಿನಾರು ವರ್ಷ," ಎಂದರು. "ನಾನು ನೇರ ಇದೀನಿ ಅಂತಲೇ ಅಂದ್ಕೊಂಡಿದ್ದೆ. ಒಂದು ಮಾತು ಹೇಳಿದ್ರೆ ಏನಾಗ್ತಿತ್ತು ಟೈಲರಕ್ಕ? ಕತ್ತು ನೋವಿಗೆ ಎಷ್ಟು ಮಾತ್ರೆ ನುಂಗಿದೀನಿ ನಾನು." ಟೈಲರಕ್ಕ ಕುರ್ಚಿಯ ಮೇಲಿದ್ದ ಕೋಟನ್ನು ನೋಡಿದಳು. ತಾನು ಅವರಿಗೆ ಉಪಕಾರ ಮಾಡುತ್ತಿದ್ದೇನೆ ಎಂದು ಆ ಹದಿನಾರು ವರ್ಷವೂ ನಂಬಿದ್ದಳು.

ಮೇಷ್ಟ್ರು ಪಾಠ ಮುಂದುವರಿಸಲು ಹೇಳಿದರು. ಕೋಟಿಲ್ಲದ ಮೇಡಂ ಕೂತರು, ಎದ್ದರು, ನಾಲ್ಕು ಹೆಜ್ಜೆ ನಡೆದರು. ಹೆಗಲು ಬಂದದ್ದು ನಿಂತಿತು. ಅರ್ಧ ಗಂಟೆಯಾದ ಮೇಲೆ ಮೇಷ್ಟ್ರು ಎದ್ದು ತಂಗಿಯ ಎದುರು ನಿಂತರು. ಅವಳ ಭುಜಕ್ಕೂ ಬರದಷ್ಟು ಕುಳ್ಳಗಿದ್ದರು.

"ಹತ್ತಿ ನಿನ್ನ ಕೈಗೆ ಸಿಕ್ಕಿತ್ತಲ್ಲ?"

"ಸಿಕ್ಕಿತ್ತು ಸರ್."

"ಯಾವಾಗ?"

"ನೀವು ಕೇಳೋ ಮೊದಲೇ."

"ನಿನ್ನ ಕೈ ಪಾಸು," ಎಂದರು ಮೇಷ್ಟ್ರು. "ಬಾಯಿ ಫೇಲು. ಅಕ್ಕನ್ನ ಉಳಿಸೋಕೆ ಇವರ ಹೆಗಲನ್ನ ಬಿಟ್ಟುಕೊಟ್ಟೆ. ನಾಳೆ ಆ ಕೋಣೆಗೆ ಇಪ್ಪತ್ತು ಜನ ಬರ್ತಾರಮ್ಮ. ಅಷ್ಟೂ ಜನರ ಮನೇಲಿ ಯಾರೋ ಒಬ್ಬ ಅಕ್ಕ ಇದ್ದೇ ಇರ್ತಾಳೆ."

ತಂಗಿ ತಲೆ ತಗ್ಗಿಸಲಿಲ್ಲ. ತಲೆ ತಗ್ಗಿಸದೆ ಅಳುವುದನ್ನು ಅವಳು ಎಲ್ಲಿ ಕಲಿತಳೋ. ಮೇಷ್ಟ್ರು ಅವಳ ಬೆನ್ನಿನ ಮೇಲೆ ಒಂದು ಕ್ಷಣ ಕೈಯಿಟ್ಟು, ಹೊಸ ವಿದ್ಯಾರ್ಥಿಯನ್ನು ಹುಡುಕಿಕೋ, ಹನ್ನೆರಡು ಪಾಠ ಮಾಡು, ಬೇಸಿಗೆಗೆ ಬಂದು ನೋಡುತ್ತೇನೆ ಎಂದರು. ಪ್ರೆಸ್ಸಿನ ಕೋಣೆಯ ಬೀಗದಕೈ ಆ ವಾರವೇ ಈಜು ಕಲಿಸುವವನಿಗೆ ಹೋಯಿತು.

ಟೈಲರಕ್ಕನಿಗೆ ಬೇಕಾದದ್ದೇ ಆಗಿತ್ತು. ತಂಗಿ ಎಲ್ಲಿಗೂ ಹೋಗುತ್ತಿರಲಿಲ್ಲ. ಅಂದು ಸಂಜೆ ಅಂಗಡಿಯ ಬಾಗಿಲು ಎಳೆದು, ಬಟ್ಟೆ ತುಣುಕುಗಳನ್ನು ಗುಡಿಸಿ, ಅಕ್ಕ ತಂಗಿ ಇಬ್ಬರೂ ಒಂದು ದೊಡ್ಡ ಪರದೆ ಬಟ್ಟೆಯ ತುದಿಗಳನ್ನು ಹಿಡಿದು ಮಡಿಸಿದರು. ತುದಿಗೆ ತುದಿ ಸೇರಿಸಲು ಹತ್ತಿರ ಬಂದಾಗಲೂ ತಂಗಿ ಅವಳ ಮುಖ ನೋಡಲಿಲ್ಲ.

"ಬೈಯ್ಬಾರ್ದಾ ಒಂದೆರಡು ಮಾತು," ಎಂದಳು ಟೈಲರಕ್ಕ.

"ನನ್ನ ಅಂಗಿಗಳಿಗೂ ಇಡ್ತಿದ್ಯಲ್ಲ," ಎಂದಳು ತಂಗಿ. "ನಾನು ಸರಿಹೋದ ಮೇಲೂ ಹಳೇ ಅಳತೆಗೇ ಹೊಲಿತಿದ್ದೆ. ಹಾಕ್ಕೊಂಡ್ರೆ ಮೈ ಬಲಕ್ಕೆ ಎಳೆಯೋದು. ವರ್ಷದ ಮೇಲಾಯ್ತು, ಹೊಸದು ಕೊಟ್ಟಾಗೆಲ್ಲ ನಾನೇ ಬಿಚ್ಚಿ ತೆಗೆದು, ತಿರುಗಿ ಹೊಲ್ಕೊತಿದೀನಿ."

ಟೈಲರಕ್ಕನ ಕೈಯಿಂದ ಬಟ್ಟೆಯ ತುದಿ ಜಾರಿತು. "ಹೇಳಬಾರ್ದಿತ್ತಾ?"

"ನಿನಗೆ ಬೇಜಾರಾಗತ್ತೆ ಅಂತ ಸುಮ್ಮನಿದ್ದೆ. ಅವತ್ತೇ ಹೇಳಿದ್ರೆ ಮೇಡಂಗೆ ಹೀಗಾಗ್ತಿರಲಿಲ್ಲ. ಮೇಷ್ಟ್ರು ಫೇಲ್ ಮಾಡಿದ್ದು ಸರಿ."

ಟೈಲರಕ್ಕ ಬಟ್ಟೆಯನ್ನು ನೆಲದಿಂದ ಎತ್ತಿ, ಧೂಳು ಕೊಡವಿ, ಮತ್ತೆ ತುದಿ ಹಿಡಿದಳು. ಮಡಿಸಿ ಮುಗಿದ ಮೇಲೆ, ಯಾವತ್ತೂ ಕೇಳದಿದ್ದುದನ್ನು ಕೇಳಿದಳು. "ಹೊಸ ವಿದ್ಯಾರ್ಥಿ ಬೇಕು ಅಂದ್ರಲ್ಲ. ನಾನೇ ಆಗ್ತೀನಿ. ನನಗೂ ಬೆನ್ನು ಬಗ್ಗಿ ಎಷ್ಟು ವರ್ಷ ಆಯ್ತು."

ತಂಗಿ ತನ್ನ ಎರಡೂ ಕೈಗಳನ್ನು ನೋಡಿಕೊಂಡಳು, ಅವು ಬೇರೆ ಯಾರದೋ ಎಂಬಂತೆ.

"ಬೇಡ ಅಕ್ಕ. ಈಗ ನಿನ್ನ ಮುಟ್ಟಿದ್ರೆ ನನ್ನ ಕೈ ಕಲಿಸಲ್ಲ, ಬೈಯತ್ತೆ. ಸ್ವಲ್ಪ ದಿನ ಹೋಗಲಿ."

ತಂಗಿ ಬಟ್ಟೆಯನ್ನು ಕಪಾಟಿನಲ್ಲಿಟ್ಟು ಒಳಗೆ ಹೋದಳು.

ಹೊಸ ವಿದ್ಯಾರ್ಥಿನಿ ಬೀದಿಯ ಕೊನೆಯ ಔಷಧಿ ಅಂಗಡಿಯವಳು. ದಿನವಿಡೀ ನಿಂತು ನಿಂತು ಅವಳ ಮೊಣಕಾಲು ಕೆಟ್ಟಿತ್ತು. ಬುಧವಾರಗಳಂದು ಮೂರು ಗಂಟೆಗೆ ಬಂದು, ಟೈಲರಕ್ಕನಿಗೆ ಒಂದು ನಗು ಎಸೆದು, ಪರದೆಯೊಳಗೆ ಹೋಗುತ್ತಿದ್ದಳು. ಲೈಬ್ರರಿ ಮೇಡಂ ಶನಿವಾರ ಪಾಠಕ್ಕೆ ಬರುತ್ತಿದ್ದರು. ಎಲ್ಲಿಂದಲೋ ಒಂದು ರೆಡಿಮೇಡ್ ಕೋಟು ಕೊಂಡಿದ್ದರು. ತೋಳು ಉದ್ದ, ಸೊಂಟ ಸಡಿಲ, ಎರಡು ಹೆಗಲೂ ಸಮ. ಅದನ್ನು ಕಂಡಾಗೆಲ್ಲ ಟೈಲರಕ್ಕನ ಬೆರಳು ತುರಿಸುತ್ತಿತ್ತು. ಕೊಡಿ, ತೋಳನ್ನಾದರೂ ಗಿಡ್ಡ ಮಾಡಿಕೊಡುತ್ತೇನೆ ಎನ್ನಲು ಬಾಯಿ ಬರುತ್ತಿರಲಿಲ್ಲ. ಮೇಡಂ ನಮಸ್ಕಾರ ಎನ್ನುತ್ತಿದ್ದರು, ಇವಳೂ ನಮಸ್ಕಾರ ಎನ್ನುತ್ತಿದ್ದಳು.

ಒಂದು ಬುಧವಾರ ಅವಳು ವಕೀಲನ ಪ್ಯಾಂಟಿಗೆ ಜೇಬು ಕೂರಿಸುತ್ತಿದ್ದಳು. ಪರದೆಯ ಆಚೆ ಕುರ್ಚಿ ಸರಿದ ಸದ್ದಾಯಿತು. ಆಮೇಲೆ ಆ ದನಿ, ಅವಸರವಿಲ್ಲದ್ದು.

"ಏನೂ ಮಾಡಬೇಡಿ. ಸುಮ್ನೆ ಕೂತ್ಕೊಳಿ."

ಔಷಧಿ ಅಂಗಡಿಯವಳು ಏನೋ ಹೇಳಿ ನಕ್ಕಳು. ಟೈಲರಕ್ಕನ ಹೊಟ್ಟೆಯೊಳಗೆ ಎಂದಿನ ಉರಿ ಎದ್ದಿತು. ಜೋರಾಗಿ ತುಳಿಯಲು ಕಾಲೆತ್ತಿದವಳು ಯಾಕೋ ತುಳಿಯಲಿಲ್ಲ. ಪಾದಗಳನ್ನು ಮಿಷನ್ನಿನಿಂದ ತೆಗೆದು ನೆಲಕ್ಕಿಟ್ಟಳು.

"ಎರಡೂ ಪಾದ ನೆಲದ ಮೇಲೆ. ಭಾರ ನೆಲಕ್ಕೆ ಬಿಡಿ. ಕೈ ತೊಡೆ ಮೇಲಿರಲಿ."

ಟೈಲರಕ್ಕ ಪ್ಯಾಂಟನ್ನು ಪಕ್ಕಕ್ಕೆ ಸರಿಸಿ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡಳು. ಅಂಗೈ ಮೇಲಿರಬೇಕೋ ಕೆಳಗಿರಬೇಕೋ ತಿಳಿಯಲಿಲ್ಲ. ಎರಡೂ ಮಾಡಿ ನೋಡಿದಳು.

"ಕತ್ತು ಬಿಗಿ ಹಿಡಿಬೇಡಿ. ನೆತ್ತಿ ಮೇಲಕ್ಕೆ ಹೋಗ್ತಿದೆ ಅಂದ್ಕೊಳಿ, ಅಷ್ಟೇ. ನೀವು ಎತ್ತಬೇಡಿ."

ಪರದೆಯ ಆಚೆ ಒಂದು ಕೈ ಒಂದು ಕತ್ತಿನ ಹಿಂದೆ ತಾಗಿರಬೇಕು, ಅಲ್ಲಿ ಎಲ್ಲ ನಿಶ್ಶಬ್ದವಾಯಿತು. ಟೈಲರಕ್ಕ ಕಣ್ಣು ಮುಚ್ಚಿದಳು. ಹೊರಗೆ ಯಾರೋ ಗಿರಾಕಿ ಮೇಜಿನ ಮೇಲೆ ಬೆರಳಿಂದ ಎರಡು ಸಲ ಬಡಿದ. ಅವಳು ಏಳಲಿಲ್ಲ. ಆಚೆಯ ದನಿ ಮುಂದೆ ಏನು ಹೇಳುತ್ತದೋ ಎಂದು ಕಾಯುತ್ತಾ ಹಾಗೇ ಕೂತಿದ್ದಳು.